ಮಣ್ಣು ಕಳೆದು

ನನ್ನ ಕೆಲಸ ಕಳೆಯುವುದು.
ತೂಕದ ಕಟ್ಟೆಗೆ ಲಾರಿ ಹತ್ತಿ ನಿಂತಾಗ
ಒಂದು ಬಕೆಟ್ ಆಲೂಗಡ್ಡೆ ಎತ್ತಿ, ತೂಗಿ,
ತೊಳೆದು, ಒರೆಸಿ, ಮತ್ತೆ ತೂಗಿ
ಚೀಟಿಯಲ್ಲಿ ಬರೆಯುವುದು:
ಇಷ್ಟು ಗೆಡ್ಡೆ, ಇಷ್ಟು ಮಣ್ಣು.
ಗೆಡ್ಡೆಗೆ ಕಾಸು. ಮಣ್ಣಿಗಿಲ್ಲ.

ಒಣ ವರ್ಷ ನೂರಕ್ಕೆ ಮೂರು, ಹೆಚ್ಚೆಂದರೆ ನಾಲ್ಕು.
ಅಂಥ ವರ್ಷ ನನ್ನ ಮುಖ ಯಾರೂ ನೋಡುವುದಿಲ್ಲ,
ಚೀಟಿ ಇಸಿದುಕೊಂಡು ಹೊರಟೇಬಿಡುತ್ತಾರೆ.

ಈ ವರ್ಷ ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಹಿಡಿದ ಮಳೆ
ನವೆಂಬರ್ ಬಂದರೂ ಬಿಡಲಿಲ್ಲ.
ಬಿರುಸೇನಲ್ಲ, ಗುಡುಗೂ ಇಲ್ಲ,
ಸಾಲ ಕೇಳಲು ಬಂದು ವಿಷಯವೇ ಎತ್ತದೆ ಕೂತ ನೆಂಟನ ಹಾಗೆ.

ಫ್ಲಾಂಡರ್ಸಿನ ಈ ತುದಿ ಬಟ್ಟಲಿನಂಥ ನೆಲ.
ಹೊಲದ ನೀರು ಕಾಲುವೆಗೆ, ಕಾಲುವೆಯದು ತೂಬಿಗೆ,
ತೂಬು ಮಾತ್ರ ಕಡಲು ಇಳಿಯುವುದನ್ನು ಕಾಯಬೇಕು.
ಈ ಸಲ ವಾಯವ್ಯದ ಗಾಳಿ ಕಡಲನ್ನು ದಂಡೆಗೆ ಒತ್ತಿ ಹಿಡಿದು
ಇಳಿತವೇ ಇಳಿಯಲಿಲ್ಲ.
ತೂಬಿನ ಯೋರಿಸ್ ಹೇಳಿದ:
ಬಾಗಿಲೇನೋ ನನ್ನ ಕೈಲಿದೆ,
ನೀರಿಗೆ 'ಹೊರಗೆ' ಅನ್ನುವುದೇ ಇಲ್ಲ.

ಲೀವೆನ್ ವಾನ್‌ಹೂಟೆ ಬಂದದ್ದು ನಾಲ್ಕು ವಾರ ತಡವಾಗಿ.
ಅಗೆಯುವ ಯಂತ್ರ ಅಚ್ಚಿನವರೆಗೆ ಹೂತು
ಎರಡು ಟ್ರ್ಯಾಕ್ಟರ್ ಕಟ್ಟಿ ಎಳೆದರಂತೆ,
ಆರು ಎಕರೆ ಹಾಗೇ ಬಿಟ್ಟು ಬಂದರಂತೆ.
ತಂದದ್ದನ್ನು ತೊಳೆದು ನೋಡಿದೆ:
ಗೆಡ್ಡೆಯ ಸಿಪ್ಪೆಯ ತುಂಬ ಬಿಳಿ ಚುಕ್ಕೆ.
ನೆಲದೊಳಗೆ ಮುಳುಗಿದ ಗೆಡ್ಡೆ
ಉಸಿರಿಗೆ ಹಾಗೆ ಬಾಯಿ ಬಿಡುತ್ತದೆ.

ಅಗೆದ ನೆಲಕ್ಕೆ ಗೋಧಿ ಬೀಳಬೇಕಿತ್ತು.
ಔಷಧಿ ಬಳಿದ ಕೆಂಪು ಬೀಜ ಮೂವತ್ತು ಚೀಲ
ಕೊಟ್ಟಿಗೆಯಲ್ಲಿದೆ: ವಾಪಸ್ ಕೊಡುವಂತಿಲ್ಲ,
ಕೋಳಿಗೆ ಹಾಕುವಂತಿಲ್ಲ.
ಅವನ ತಂಗಿ ಟ್ರೀಸ್ ದಿನಾ ಬೆಳಗ್ಗೆ ಹೋಗಿ
ಒಂದು ಹಿಡಿ ಮಣ್ಣು ಅದುಮಿ ಬಿಡುತ್ತಾಳೆ.
ಹದವಿದ್ದರೆ ಉದುರಬೇಕು.
ಉದುರುವುದಿಲ್ಲ;
ಅವಳ ನಾಲ್ಕು ಬೆರಳಿನ ಅಚ್ಚು ಹೊತ್ತು
ಅಂಗೈಯಲ್ಲೇ ಕೂತಿರುತ್ತದೆ.
ಒಂದು ವಾರ ತಡವಾದರೆ ಎಕರೆಗೆ ಇಷ್ಟು ಬೀಜ ಹೆಚ್ಚು,
ಎರಡು ವಾರಕ್ಕೆ ಇನ್ನಷ್ಟು.
ಲೆಕ್ಕ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಏರುತ್ತಿದೆ,
ಚೀಲ ಅಷ್ಟೇ ಇವೆ.

ಅವಸರಕ್ಕೆ ಬಿತ್ತಿದ ಪಕ್ಕದವನೂ ಗೆದ್ದಿಲ್ಲ.
ತಗ್ಗಿನ ಬೀಜ ಕೊಳೆಯಿತು,
ಮೊಳೆತದ್ದನ್ನು ಚಿಪ್ಪಿಲ್ಲದ ಬಸವನಹುಳು ಮೇಯಿತು.
ದಿಬ್ಬದ ಅಂಚಿಗಷ್ಟೇ ಹಸಿರು,
ಬೋಳುತಲೆಯ ಕಿವಿಯ ಮೇಲೆ ಉಳಿದ ಕೂದಲು.

ಲೀವೆನ್‌ನ ಚೀಟಿಗೆ ಬರೆದೆ: ನೂರಕ್ಕೆ ಇಪ್ಪತ್ತೆರಡು.
ಜಗಳಕ್ಕೆ ಮೈ ಬಿಗಿಹಿಡಿದು ನಿಂತಿದ್ದೆ.
ಅವನು ಕೇಳಿದ್ದು ಇಷ್ಟೇ:
ಆ ಮಣ್ಣನ್ನು ಏನು ಮಾಡುತ್ತೀರಿ?

ಹತ್ತೊಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಹಿತ್ತಲಿಗೆ ಕರೆದೊಯ್ದು ತೋರಿಸಿದೆ.
ತೊಳೆದ ನೀರು ಹೊಂಡದಲ್ಲಿ ತಿಳಿಯಾಗಿ
ತಳದ ಕೆಸರನ್ನು ಬಾಚಿ ಒಟ್ಟುತ್ತಾರೆ,
ಬೇಸಗೆಗೆ ಹೊಸ ರಸ್ತೆಯ ಏರಿಗೆ ಹೋಗುತ್ತದೆ.
ಎರಡಾಳೆತ್ತರದ ರಾಶಿ. ಹದಿನೇಳು ಮಂದಿಯ ಹೊಲ.
ತನ್ನದು ಯಾವ ಕಡೆ ಎಂದು ಅವನು ಕಣ್ಣಲ್ಲೇ ಹುಡುಕಿದ,
ನಾನು ಗಡಿಯಾರ ನೋಡಿದೆ, ಹಿಂದೆ ಐದು ಲಾರಿ.

ಆ ದಿನದ ಬಕೆಟ್ಟಿನ ತಳದಲ್ಲಿ
ಎರಡು ಕೆಂಪು ಕಾಳು ಸಿಕ್ಕಿದ್ದವು.
ಅದೇ ಗಾಡಿಯಲ್ಲಿ ಬೀಜ ತಂದಿದ್ದ, ಚೀಲ ಹರಿದಿತ್ತೇನೋ.
ತಕ್ಕಡಿಯ ಮುಳ್ಳು ಅಲುಗಲಿಲ್ಲ.
ಮಣ್ಣಿನ ಜೊತೆ ಚೆಲ್ಲಿದೆ, ನಿಯಮವೇ ಹಾಗೆ.

ಜನವರಿಯಲ್ಲಿ ಆರು ದಿನ ಬಿಸಿಲು.
ಟ್ರೀಸ್‌ಳ ಅಂಗೈಯಲ್ಲಿ ಮಣ್ಣು ಇನ್ನೂ ಮುದ್ದೆ.
ಊಟದ ಬಿಡುವಿಗೆ ಹಿತ್ತಲಿಗೆ ಹೋದವಳು ಕಂಡೆ,
ರಾಶಿಯ ನೆತ್ತಿಯಲ್ಲಿ, ಸಾಲಿಲ್ಲದೆ, ಅಲ್ಲೊಂದು ಇಲ್ಲೊಂದು,
ಗೋಧಿ.
ಈ ಬಟ್ಟಲಿನಲ್ಲೆಲ್ಲ ನೀರು ನಿಲ್ಲದ ಎತ್ತರ
ಅದೊಂದೇ ಇತ್ತು.

ಹೇಳಬಾರದೆಂದುಕೊಂಡು ಫೋನ್ ಮಾಡಿದೆ.
ಬಹಳ ಹೊತ್ತು ಸುಮ್ಮನಿದ್ದ.
ಎಷ್ಟು ಎಲೆ?
ಮೂರು, ಅಂದೆ.
ಮೂರಾದರೆ ಚಳಿ ತಡೆಯುತ್ತದೆ,
ಅಂದು ಇಟ್ಟುಬಿಟ್ಟ.