ಅರವತ್ತೆರಡು, ಮ್ಯಾಲೊಂದು ಚೂರು

ಲ್ಯಾಮಿಂಗ್ಟನ್ ರೋಡಿನ ಬ್ಯಾಂಕಿನಾಗ ಟೋಕನ್ ನಲವತ್ತೊಂದು.
ಅವ್ವ ಸೆರಗಿಗೆ ಅಂಟಿದ ಹಿಟ್ಟು ಉಗುರಿಲೆ ಕೆರೀತಾಳ,
ನಾ ಫೈಲಿನ ಕಾಗದ ಎಣಸ್ತೀನಿ, ಮೂರನೇ ಸಲ:
ಸೀಟು ಸಿಕ್ಕ ಪತ್ರ, ಫೀಸಿನ ಪಟ್ಟಿ,
ನಾಡಕಚೇರಿಯ ಆದಾಯ ಪ್ರಮಾಣಪತ್ರ,
ಆಧಾರಿನಾಗ ನಿಂಬವ್ವ, ಪ್ಯಾನಿನಾಗ ನಿಂಗವ್ವ,
ಇಬ್ಬರೂ ಒಬ್ಬಾಕೀನ ಅಂತ ನೋಟರಿ ಮುಂದ
ನೂರೈವತ್ತು ಕೊಟ್ಟು ಮಾಡಿಸಿದ ಅಫಿಡವಿಟ್ಟು.

ಸಾಹು ಸಾಹೇಬರು ಒಡಿಶಾದವರು.
ಅವರಿಗೆ ಬರೋ ಕನ್ನಡ ಎರಡ ಮಾತು:
"ಇಲ್ಲಿ ಸಹಿ ಮಾಡ್ರಿ", "ನಾಳೆ ಬರ್ರಿ".
ಉಳಿದದ್ದೆಲ್ಲಾ ಹಿಂದಿಯೊಳಗ. ನಾ ಅದನ್ನ ಅವ್ವನ ಕಿವಿಗೆ ಹಾಕ್ತೀನಿ:
ಮೂರೂವರಿ ಲಕ್ಷ. ಒತ್ತಿ ಇಡೂದು ಬ್ಯಾಡ.
ನೀ ಸಹ-ಅರ್ಜಿದಾರಳು. ಅಂದ್ರ
ನಾ ಕಟ್ಟದಿದ್ರ ನಿನ್ನ ಕೇಳ್ತಾರ.
"ಈಗ ಮತ್ತ ಯಾರನ್ನ ಕೇಳ್ತಾರ?" ಅಂದ್ಳು.

ಸರಕಾರ ಬಡ್ಡಿ ತಾನ ತುಂಬೂದು ಒಂದ ಸಲ ಅಂತ.
ಡಿಗ್ರಿಗೆ ತಗೊಂಡು ಆ ಒಂದು ಸಲ ಮುಗಿಸೇವಿ.
ಇನ್ನ ಬಡ್ಡಿ ನಮ್ಮದು.

ಮೊರಟೋರಿಯಂ ಅನ್ನೋ ಶಬ್ದಕ್ಕ ಬಂದು ನಾ ನಿಂತೆ.
ಓದೋ ಎರಡು ವರ್ಷ, ಮುಗಿದ ಮ್ಯಾಲೊಂದು ವರ್ಷ
ಕಂತಿಗೆ ರಜಾ, ಅವ್ವಾ.
ಬಡ್ಡಿಗೆ?
ಬಡ್ಡಿಗೆ ರಜಾ ಇಲ್ಲ.
ಅವ್ವ ನಕ್ಕಳು. "ಗೋದಿ ಹಿಟ್ಟು ನಾದಿ ಇಟ್ರ ಮೆತ್ತಗಾಕ್ಕೈತಿ.
ಜ್ವಾಳದ್ದು ಇಟ್ಟಷ್ಟೂ ಬಿರೀತೈತಿ.
ಇದು ಜ್ವಾಳದ ಜಾತಿ."
ಏನಂದ್ರು ಅಂತ ಸಾಹೇಬರು ಕೇಳಿದ್ರು.
ಹಿಂದಿಯೊಳಗ ಹೆಂಗ ಹೇಳ್ಲಿ ಅದನ್ನ?
ಸಮಝ್ ಗಯೀ, ಅಂದೆ.

ಆಮ್ಯಾಲ ಆಕಿ ಕೇಳಿದ್ದು ನನಗ ಹೊಳದಿರಲಿಲ್ಲ:
"ಮುಂದಿನ ವರ್ಷದ ಫೀಸಿಗೆ ಈಗಿಂದ್ಲೇ ಯಾಕ ಬಡ್ಡಿ?"
ಸಾಹೇಬರು ಪೆನ್ನು ಕೆಳಗಿಟ್ರು.
ಕಾಲೇಜಿಗೆ ಹೋದ ರೊಕ್ಕಕ್ಕಷ್ಟ ಬಡ್ಡಿ,
ಉಳಿದದ್ದು ಹೋಗೂತನಕ ಇಲ್ಲೇ ಇರತೈತಿ ಅಂದ್ರು,
ಅಲ್ಲಿಂದ ಮುಂದ ಆಕಿಗೆ ಅಮ್ಮಾ ಅನ್ನಾಕ ಹತ್ತಿದ್ರು.

ಕಂತು ಸುಮಾರು ಐದು ಸಾವಿರದ ಆರುನೂರು, ಹತ್ತು ವರ್ಷ.
ಟೋಕನ್ನಿನ ಬೆನ್ನಿಗೆ ನಾ ಲೆಕ್ಕ ಹಾಕಿದೆ:
ರೊಟ್ಟಿಗೆ ಎಂಟು ರೂಪಾಯಿ, ತಿಂಗಳಿಗೆ ಏಳುನೂರು ರೊಟ್ಟಿ,
ದಿನಕ್ಕ ಇಪ್ಪತ್ನಾಕು ಬಡದ್ರ ಸಾಕಲ್ಲ!
"ಜ್ವಾಳ ನಿಮ್ಮಪ್ಪ ಕೊಡ್ತಾನ? ಗ್ಯಾಸು? ಗಿರಣಿ?"
ಒಂದಕ್ಕ ಉಳಿಯೂದು ಮೂರು ರೂಪಾಯಿ.
ಬೆರಳಿನ ಗೆರಿ ಮ್ಯಾಲ ಎಣಿಸಿ ಆಕೀನ ಹೇಳಿದ್ಳು:
ಅರವತ್ತೆರಡು. ಮ್ಯಾಲೊಂದು ಚೂರು.

ನೌಕರಿ ಸಿಕ್ರ ನಾನ ಕಟ್ತೀನಿ, ಅಂದೆ.
"ಸಿಕ್ರ" ಅನ್ನೂದು ಇಬ್ಬರಿಗೂ ಕೇಳಿಸ್ತು.
ಆಕಿ ಸಹಿ ಮಾಡಿದ್ಳು, ಹದಿನಾರು ಕಡೆ,
ಹನ್ನೊಂದನೇದರಾಗ ನಿಂಬವ್ವ ಅಂತ ಬರಿಯೂದ ಮರತು
ನಿಂಬ ಅಂತ ಬರದು, ನಾಚಿಕೊಂಡು, ವ್ವ ಸೇರಿಸಿದ್ಳು.

ಚಿಗರಿ ಬಸ್ಸಿನಾಗ ಹೆಗಲು ಒತ್ತಿಕೋತ ಕೇಳಿದ್ಳು:
"ನಿನ್ನ ಎಂಪಿಟಿಯೊಳಗ ಹೆಗಲೂ ಬರತೈತೇನ?"
ಎರಡನೇ ವರ್ಷ ಬರತೈತಿ, ಅಂದೆ.
"ಹಂಗಾರ ಆ ವರ್ಷದ ಬಡ್ಡಿ ನಂದಿರಲಿ."

ಮರುದಿನ ನಾಕೂವರಿಗೆ ಹಳೇಹುಬ್ಬಳ್ಳಿ ಇನ್ನೂ ಕತ್ತಲಾಗ.
ಗ್ವಾಡಿ ಆಚೆ ಕಡೆ ಆಕಿ ಬಡ್ಯಾಕ ಸುರು ಮಾಡಿದ್ಳು.
ಬ್ಯಾಂಕಿನವು ಮೊದಲು ಅಂತ, ನಾ ಮಲಗಿದಲ್ಲೇ ಎಣಿಸಿದೆ.
ಹದಿನೇಳಕ್ಕೋ ಹತ್ತೊಂಬತ್ತಕ್ಕೋ
ಕಣ್ಣು ಹತ್ತಿದ್ವು.