ಮೂವತ್ತೊಂದನೇ ಬಲ್ಬು

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಉಪ್ಪನ ಟೈಲರಂಗಡಿಗೆ ಒಂದೇ ಗೋಡೆ ಆಚೆ
ಪಾಸ್ಕಲ್ ಮಾಮನ ಸ್ಟುಡಿಯೊ.
ಶಾಲೆ ಬಿಟ್ಟ ಮೇಲೆ ನನಗಲ್ಲಿ ಕೆಲಸ:
ಮರದ ಪೆಟ್ಟಿಗೆಯ ಕರಿ ಗುಂಡಿ ತಿರುಗಿಸುವುದು.

ಬಲ್ಬುಗಳು ಕಣ್ಣೂರಿನ ಗುಜರಿಯವು,
ಯಾವುದೋ ಹಡಗು ಒಡೆದಾಗ ಸಿಕ್ಕಿದ್ದಂತೆ.
ಗಾಜಿನ ನೆತ್ತಿಗೆ ಅಚ್ಚು: ನೂರಾ ಹತ್ತು ವೋಲ್ಟು.
ಅಷ್ಟೇ ಕೊಟ್ಟರೆ ಅದೊಂದು ಸಂಭಾವಿತ ದೀಪ,
ಬೇಳೆಕಟ್ಟಿನ ಬಣ್ಣದ ಬೆಳಕು,
ಎಲ್ಲರ ಮೂಗಿನ ಕೆಳಗೂ ಮೀಸೆಯಂಥ ಕತ್ತಲೆ.
"ಹೀಗೇ ಬಿಟ್ರೆ ಸಾವಿರ ಗಂಟೆ ಬಾಳ್ತದೆ ಸುಹರಾ,
ಫಿಲ್ಮಿಗೆ ಮಾತ್ರ ಏನೂ ಕಾಣೋದಿಲ್ಲ."

ತಿರುಗಿಸುತ್ತಿದ್ದೆ.
ನೂರಾ ಮೂವತ್ತಕ್ಕೆ ಹಳದಿ ತೆಳುವಾಗುವುದು.
ನೂರೈವತ್ತಕ್ಕೆ ಸೀರೆಯ ಜರಿ ಏಳುವುದು,
ಬಲ್ಬಿನ ಆಯಸ್ಸು ಹದಿನೆಂಟು ಗಂಟೆಗೆ ಇಳಿಯುವುದು.
ನೂರಾ ಎಪ್ಪತ್ತಕ್ಕೆ ತಂತಿಯೇ ಕಾಣದು,
ರೆಪ್ಪೆ ಮುಚ್ಚಿದರೂ ಒಳಗೆ ಉಳಿಯುವ ಬಿಳುಪು.
ಬೆಳಕು ನಾಲ್ಕು ಪಟ್ಟು.
ಬದುಕು ಮೂರು ಗಂಟೆ.
ತಂತಿ ಆವಿಯಾಗಿ ಆವಿಯಾಗಿ
ಗಾಜು ಒಳಗಿನಿಂದ ಕಾಡಿಗೆ ಹಚ್ಚಿಕೊಳ್ಳುತ್ತಿತ್ತು.

ಬಲ್ಬಿಗೊಂದು ಪುಟ. ಲೆಕ್ಕ ನನ್ನ ಕೈಬರಹದಲ್ಲಿ:
'ಅಮ್ಮತ್ತಿಯ ಮದುಮಗಳು, ಪತ್ತಾಕ್ ಸರಿಮಾಡಿಕೊಂಡದ್ದೂ ಸೇರಿ, ಆರು ನಿಮಿಷ.
ಪೋಸ್ಟ್‌ಮನ್ ಕುಂಞಂಬು, ಪಾಸ್‌ಪೋರ್ಟ್ ಸೈಜು, ನಲವತ್ತು ಸೆಕೆಂಡು.
ಅಳುವ ಮಗು, ಹನ್ನೊಂದು ನಿಮಿಷ. ಫೋಟೊ ಬರಲಿಲ್ಲ.'

ಆ ಮಾರ್ಚಿನಲ್ಲಿ ಡಿಪೋದಿಂದ ಬಂದರು
ಕಾಫಿಬೀಜ ಆರಿಸುವ ಒಂಬತ್ತು ಹೆಂಗಸರು.
ಸೀಸನ್ನಿನ ಕೊನೇ ಬಟವಾಡೆ, ತಲೆಗೆ ಎರಡು ರೂಪಾಯಿ.
ಮುಖ ತೊಳೆದಿದ್ದರು, ಹೂ ಮುಡಿದಿದ್ದರು,
ಉಗುರಿನ ಸಂದಿಯ ಹೊಟ್ಟು ಹಾಗೇ ಇತ್ತು.
ಬೆಂಚಿನಲ್ಲಿ ನಾಲ್ವರು, ಹಿಂದೆ ಐವರು,
ಸಿಸಿಲಿ ಗಿಡ್ಡ, ಅವಳ ಕಾಲಡಿ ಸೀಮೆಎಣ್ಣೆ ಡಬ್ಬ.

ಒಂಬತ್ತು ಮುಖಕ್ಕೆ ಎರಡು ಬಲ್ಬು ಸಾಲದು.
ಮಾಮ ಕರಿಬಟ್ಟೆಯೊಳಗಿಂದ ಕೈ ಬೀಸಿದ: ಏರಿಸು.
ನೂರಾ ಎಪ್ಪತ್ತು. ಇನ್ನೂ. ಎಪ್ಪತ್ತೈದು.
ಪೆಟ್ಟಿಗೆ ಜೇನುಗೂಡಿನಂತೆ ಗುಂಯ್ ಎಂದಿತು.
ಯಾರೂ ಉಸಿರು ಬಿಡಲಿಲ್ಲ, ಮಲ್ಲಿಗೆ ಬಾಡುವ ವಾಸನೆ,
ಪಾರು ಪಿಸುಗುಟ್ಟಿದಳು, "ಕಣದಲ್ಲಿ ಹರಡಿದ ಹಾಗಾಯ್ತಲ್ಲ."

ಆಗ ಎದುರಿನ ರೈಸ್ ಮಿಲ್ಲಿನವನು ಮೋಟಾರು ನಿಲ್ಲಿಸಿದ.
ಬೀದಿಯ ಕರೆಂಟೆಲ್ಲ ಒಮ್ಮೆಲೇ ನಮ್ಮ ಕಡೆ ನುಗ್ಗಿತು.
ಎಡಗಡೆ ಒಂದು ನೀಲಿ ಮಿಂಚು,
ಟಪ್.

ಮೂರನೇ ದಿನ ಪ್ರಿಂಟು.
ಬಲಗಡೆಯ ನಾಲ್ವರು ಬೆಳ್ಳಿ ತಟ್ಟೆಯಲ್ಲಿಟ್ಟ ಹಾಗೆ,
ಒಬ್ಬೊಬ್ಬಳ ಮೂಗುಬೊಟ್ಟಿನ ಹರಳೂ ಎಣಿಸಬಹುದು.
ಎಡಗಡೆ ಐದು ತಲೆಗಳ ಅಂಚು, ಹೂವು, ಕತ್ತಲೆ.
ಮಾಮ ದುಡ್ಡು ಎಣಿಸಿ ಮೇಜಿನ ಮೇಲಿಟ್ಟು ಕಾದ.

ಅವರು ಪಟ ಹಿಡಿದು ಕಿಟಕಿಗೆ ಹೋದರು.
ಗಾಳಿಗೆ ತೂರಿದ ಕಾಳಿನಲ್ಲೂ ಹುಳುಕು ಹಿಡಿಯುವ ಕಣ್ಣುಗಳು.
ಬಹಳ ಹೊತ್ತು ನೋಡಿದರು.
ಚಿಕ್ಕತಾಯಿಯೇ ಮೊದಲು ನಕ್ಕಿದ್ದು,
ಕತ್ತಲಲ್ಲಿದ್ದವಳು: "ನೋಡ್ರೇ,
ಕಪ್ಪು ಕಾಳೆಲ್ಲ ಒಂದೇ ಕಡೆ ಆರಿಸಿಟ್ಟವ್ರೆ!"
ನಗು ತಡೆಯದೆ ಸಿಸಿಲಿ ನೆಲಕ್ಕೆ ಕೂತಳು.
ಆಮೇಲೆ ಒಬ್ಬೊಬ್ಬಳೂ ಬೆರಳಿಟ್ಟು ತೋರಿಸಿದಳು ನನಗೆ,
ಏನೂ ಇಲ್ಲದ ಜಾಗದಲ್ಲಿ: ಇದು ನಾನು,
ಇದು ಕುಲ್ಸು, ಇಲ್ಲಿ ನನ್ನ ಕೈ ಅವಳ ಹೆಗಲ ಮೇಲೆ.
ಒಂಬತ್ತು ಪ್ರತಿ ಕೇಳಿದರು. ಮೇಜಿನ ದುಡ್ಡು ಮೇಜಲ್ಲೇ ಉಳಿಯಿತು.

ಪುಸ್ತಕ ಈಗ ನನ್ನ ಹತ್ತಿರ ಇದೆ, ಗೆದ್ದಲು ಅಂಚು ತಿಂದಿದೆ.
ನಂಬರ್ ಮೂವತ್ತೊಂದರ ಪುಟದಲ್ಲಿ
'ಡಿಪೋ ಹೆಂಗಸರು, ಒಂಬತ್ತು'
ಎಂದು ಬರೆದು ನಿಲ್ಲಿಸಿದ್ದೇನೆ.
ಎಷ್ಟು ಹೊತ್ತು ಉರಿಯಿತೋ,
ಆವತ್ತು ಗಡಿಯಾರ ನೋಡಿರಲಿಲ್ಲ.