ಎಂಡೆಲ್‌ನ ಎರಡು ಬೆರಳು

ಅಂಚೆ ಕಚೇರಿಯಿಂದ ನಿವೃತ್ತಳಾದ ದಿನ
ಅಮ್ಮ ಮನೆಗೆ ತಂದದ್ದು ಒಂದೇ,
ಕಾಗದ ತೂಗುವ ಪುಟ್ಟ ತಕ್ಕಡಿ.
ಇವತ್ತು ಅದರ ತಟ್ಟೆಯಲ್ಲಿ ಜೇನುಮೇಣ.
ಐವತ್ತು ಗ್ರಾಂ. ಯಾರೋ ಯಾರಿಗೋ
ಎಲ್ಲವನ್ನೂ ಬರೆದುಬಿಟ್ಟ ಪತ್ರದಷ್ಟು ಭಾರ.

ಮೇಣ ಕೊಟ್ಟವನು ಪಕ್ಕದ ಹೊಲದ ವಂಬೋಲಾ.
ಸೋಸಿದ್ದೇನೆ ಅಂದಿದ್ದ. ಸುಳ್ಳು.
ಕರಗುವಾಗ ಜೇನಿನ ಒಂದು ಕಾಲು ತೇಲಿ ಬಂತು,
ಕೂದಲೆಳೆಯಷ್ಟು, ಇನ್ನೂ ಮಡಚಿಕೊಂಡೇ ಇತ್ತು.
ಚಮಚದಲ್ಲಿ ಎತ್ತಿ ಕಿಟಕಿಯ ಕಟ್ಟೆಗಿಟ್ಟೆ.
ಎಸೆಯಲು ಯಾಕೋ ಮನಸ್ಸಾಗಲಿಲ್ಲ.

ಷಿಯಾ ಬೆಣ್ಣೆ ಘಾನಾದ್ದು.
ಪೊಟ್ಟಣದ ಮೇಲೆ ಹೆಂಗಸೊಬ್ಬಳ ಕೈಗಳ ಚಿತ್ರ,
ಮೊಣಕೈವರೆಗೂ ನೊರೆ, ಮುಖ ಮಾತ್ರ ಇಲ್ಲ.
ಅವಳೂರಿನ ಬಿಸಿಲಿಗೆ ತಾನೇ ಇಳಿದು ಹೋಗುವ ಬೆಣ್ಣೆ
ಸಾರೆಮಾ ದ್ವೀಪದ ನವೆಂಬರಿನಲ್ಲಿ
ಚಾಕುವಿಗೂ ಬಗ್ಗುತ್ತಿಲ್ಲ.

ಎಣ್ಣೆ ನನ್ನದೇ. ಕಡಲ ದಂಡೆಯ ಮುಳ್ಳುಪೊದೆಯಲ್ಲಿ
ಕಿತ್ತಳೆ ಬಣ್ಣದ ಕಾಳುಹಣ್ಣು ಕೊಯ್ದು, ಒಣಗಿಸಿ,
ಸೂರ್ಯಕಾಂತಿ ಎಣ್ಣೆಯಲ್ಲಿ ಆರು ವಾರ ನೆನೆಸಿಟ್ಟದ್ದು.
ಮುಚ್ಚಳ ತೆಗೆದರೆ ಬೆರಳೆಲ್ಲ ಅರಿಸಿನ.

ಮೇಣ, ಬೆಣ್ಣೆ, ಎಣ್ಣೆ, ಮೂರೂ ಸಮ ತೂಕ.
ಕುದಿವ ನೀರಿನ ಪಾತ್ರೆಯೊಳಗೆ ಗಾಜಿನ ಬಟ್ಟಲು.
ಒಂದು ಹನಿ ನೀರೂ ಒಳಗೆ ಸಿಡಿಯಬಾರದು,
ಸಿಡಿದರೆ ತಿಂಗಳೊಳಗೆ ಬೂಷ್ಟು.
ಅಜ್ಜಿಯ ಬೆಣ್ಣೆಯಚ್ಚಿಗೆ ಸುರಿದೆ. ನಕ್ಷತ್ರದ ಕೆತ್ತನೆ,
ಒಂದು ಮೂಲೆ ಇಲಿ ತಿಂದದ್ದು.

ಇಷ್ಟೆಲ್ಲ ನನ್ನ ತಮ್ಮನಿಗೆ.
ಎಂಡೆಲ್ ಗೋಡೆ ಕಟ್ಟುವವನು, ಗಾರೆಯಿಲ್ಲದ ಗೋಡೆ,
ಸುಣ್ಣಕಲ್ಲಿನ ಮೇಲೆ ಸುಣ್ಣಕಲ್ಲು, ನಡುವೆ ಗಾಳಿಗೆ ದಾರಿ.
ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ
ಗಣಿಯಲ್ಲಿ ಕೊರೆಯುವ ಯಂತ್ರ ಹಿಡಿದಿದ್ದ.
ಅವನು ಯಂತ್ರ ಬಿಟ್ಟ. ಅದುರು ಅವನನ್ನು ಬಿಡಲಿಲ್ಲ.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನಬಹುದು ನೀವು,
ಅಂಗೈಯನ್ನೇ ತೋರಿಸದವನಿಗೆ ಏನನ್ನುತ್ತೀರಿ?
ಊಟಕ್ಕೆ ಕೂತರೆ ಎರಡೂ ಕೈ ಮೇಜಿನಡಿ,
ಬ್ರೆಡ್ಡಿಗಾಗಿ ಮಾತ್ರ ಒಂದು ಮೇಲೆ ಬರುತ್ತದೆ.

ಶನಿವಾರ ಸಂಜೆ ಕೊಟ್ಟೆ. ಉಜ್ಜಿದ.
ಮತ್ತೆ ಉಜ್ಜಿದ. ಜಾರಿತೇ ಹೊರತು ಅಂಟಲಿಲ್ಲ.
"ಅಕ್ಕಾ, ಇದೂ ಕಲ್ಲೇ," ಅಂತ ನಕ್ಕ.
ಆಗ ಕಂಡೆ ಅವನ ಬಲಗೈಯ ಎರಡು ಬೆರಳು,
ಬುಡದವರೆಗೂ ಬಿಳಿ,
ಹಚ್ಚದೆ ಇಟ್ಟ ಮೇಣದ ಬತ್ತಿಗಳು.
ಈ ಅಚ್ಚು ಕರಗುವುದು ಮೈಯ ಬಿಸಿಗೆ.
ಅದಕ್ಕೆ ಬೇಕಾದಷ್ಟೂ ಅವನಲ್ಲಿ ಇರಲಿಲ್ಲ.

ಎಲ್ಲ ಮತ್ತೆ ಕರಗಿಸಿ ಎಣ್ಣೆ ಹೆಚ್ಚಿಸಿದೆ.
ಈ ಸಲ ಒಲೆಯ ಪಕ್ಕದಲ್ಲೇ ಕುಸಿದು ಕೂತಿತು,
ನಕ್ಷತ್ರ ಹೋಗಿ ಹಪ್ಪಳ.
ಇನ್ನಷ್ಟು ಮೇಣ. ಮತ್ತೆ ಕಲ್ಲು.
ಮೂರು ರಾತ್ರಿ ನಾನು ಮತ್ತು ತಕ್ಕಡಿ ಜಗಳವಾಡಿದೆವು.
ತಪ್ಪು ತೂಕದಲ್ಲಿ ಇರಲಿಲ್ಲ.

ಈಗ ಅವನು ಕಲ್ಲುಕೆಲಸ ಮುಗಿಸಿ ಆರಕ್ಕೆ ಬರುತ್ತಾನೆ.
ನಾನು ಮೊದಲು ನನ್ನ ಅಂಗೈಗಳ ನಡುವೆ ಅಚ್ಚು ತಿರುಗಿಸುತ್ತೇನೆ,
ಅಂಚು ಮೆತ್ತಗಾಗಿ, ಮಿನುಗಿ, ಕೈಗೆ ಇಳಿಯುವವರೆಗೆ.
ಆಮೇಲೆ, "ಕೊಡು ಇಲ್ಲಿ."
ಅವನು ಗೋಡೆಯ ಗಡಿಯಾರ ನೋಡುತ್ತಾನೆ.
ನಾನು ಅವನ ಉಗುರಿನ ಸುಣ್ಣ ನೋಡುತ್ತೇನೆ.
ಎಂಟು ವರ್ಷದವನಿದ್ದಾಗ ಮಂಜುಗಡ್ಡೆಯ ಮೇಲೆ ದಾಟಿಸಿದ್ದೆ,
ಆಮೇಲೆ ಈ ಕೈ ಹಿಡಿದದ್ದು ನೆನಪಿಲ್ಲ.
ಹವಾಮಾನದ ಬಗ್ಗೆ ಮಾತಾಡುತ್ತೇವೆ. ವಂಬೋಲಾನ ನಾಯಿ ಬಗ್ಗೆ.
ಕೆಲವು ದಿನ ಬೆರಳಿಗೆ ಬಣ್ಣ ಬರುತ್ತದೆ.
ಕೆಲವು ದಿನ ಇಲ್ಲ.

ವಾರ ಕಳೆದು ಅಚ್ಚನ್ನು ತೂಗಿದೆ:
ಐವತ್ತಿದ್ದದ್ದು ನಲವತ್ತಾರು.
ಅಮ್ಮನಿದ್ದಿದ್ದರೆ ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದಳು,
ಆ ನಾಲ್ಕು ಗ್ರಾಂ
ಊರೊಳಗಿನದೋ, ಹೊರದೇಶದ್ದೋ?